ಎ ಸೆಕ್ಷನ್ನಿನ ಎಂಜಲು

ನಮ್ಮವರು ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ 'ಎ' ಸೆಕ್ಷನ್. ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟು ಬಾಯಿಗಿಡುವ ಮೊದಲೇ ಅವರಣ್ಣ, ಅಂದರೆ ನನ್ನ ಭಾವ, ಈ ಸಂಗತಿಯನ್ನು ನಮ್ಮಪ್ಪನ ಕಿವಿಗೆ ಹಾಕಿದ್ದರು. ನಾನು 'ಸಿ' ಸೆಕ್ಷನ್ ಅನ್ನುವುದನ್ನು ನಮ್ಮಪ್ಪ ಬಾಯಿಬಿಡಲಿಲ್ಲ. ಮೈಸೂರಿನ ನಮ್ಮ ಸ್ಕೂಲುಗಳಲ್ಲಿ ಎ ಅಂದರೆ ಬುದ್ಧಿವಂತರು, ಬಿ ಅಂದರೆ ಪರವಾಗಿಲ್ಲ, ಸಿ ಅಂದರೆ ಮೇಷ್ಟ್ರಿಗೂ ನಿದ್ದೆ, ಮಕ್ಕಳಿಗೂ ನಿದ್ದೆ. ಮದುವೆಯಾದ ಮೇಲೆ ಗುಟ್ಟು ಹೊರಬಿತ್ತು. ಆಮೇಲೆ ಈ ದೇಶಕ್ಕೆ ಬಂದು, ಮಗಳು ಹೊಟ್ಟೆ ಕೊಯ್ದೇ ಹುಟ್ಟಬೇಕು ಅಂತಾದಾಗ ಇಲ್ಲಿನ ಡಾಕ್ಟರು ಅದಕ್ಕೆ 'ಸಿ ಸೆಕ್ಷನ್' ಅಂದರು. "ನಿನ್ನ ಪೈಕೀನೇ ಬಿಡು" ಅಂದರು ನಮ್ಮವರು. ಹೊಲಿಗೆ ಬಿಚ್ಚಿಹೋಗುವಷ್ಟು ಸಿಟ್ಟು ಬಂದಿತ್ತು ನನಗೆ.

ಇದನ್ನೆಲ್ಲ ಮೊದಲೇ ಯಾಕೆ ಹೇಳಿದೆ ಅಂದರೆ, ಮುಂದಿನ ರಾಮಾಯಣವೆಲ್ಲ ನಡೆದದ್ದು ಆ ಒಂದಕ್ಷರದಿಂದಲೇ.

2008ನೇ ಇಸವಿ. ನಾವು ಸ್ಯಾನ್ ಡಿಯಾಗೋಗೆ ಮೂರು ಗಂಟೆ ದಾರಿಯ ಚಾಟ್ಸ್‌ವರ್ತ್‌ನಲ್ಲಿದ್ದೆವು. ಮಗಳು ಒಂಬತ್ತನೇ ಕ್ಲಾಸಿಗೆ, ಅಂದರೆ ಇಲ್ಲಿನ ಲೆಕ್ಕದಲ್ಲಿ ಹೈಸ್ಕೂಲಿಗೆ, ಕಾಲಿಡುವ ಹೊತ್ತು. ಆ ಹೈಸ್ಕೂಲೋ, ಸ್ಕೂಲಲ್ಲ, ಒಂದು ತಾಲ್ಲೂಕು. ಬೆಲ್ಲು ಹೊಡೆದರೆ ಸಾವಿರಾರು ಮಕ್ಕಳು ಒಂದೇ ಸಲಕ್ಕೆ ಹೊರಗೆ ನುಗ್ಗುತ್ತಿದ್ದರು. ಇಷ್ಟು ದೊಡ್ಡ ಸ್ಕೂಲಿನಲ್ಲಿ ಮಕ್ಕಳು ಕಳೆದುಹೋಗುತ್ತಾರೆ ಅಂತ ಮೇಲಿನವರಿಗೆ ಯಾರಿಗೋ ಜ್ಞಾನೋದಯವಾಗಿ, ಒಂದು ಗ್ರಾಂಟ್ ಬಂದು, ಸ್ಕೂಲನ್ನು ಹಲಸಿನ ಹಣ್ಣು ಹೆಚ್ಚಿದ ಹಾಗೆ ನಾಲ್ಕು ಹೋಳು ಮಾಡಿದರು. ಒಂದೊಂದು ಹೋಳಿಗೂ ಒಂದೊಂದು ಕಸುಬು. ಅದಕ್ಕಿಟ್ಟ ಹೆಸರು 'ಸ್ಮಾಲ್ ಲರ್ನಿಂಗ್ ಕಮ್ಯುನಿಟಿ'. ನಾವು ನಾಲಿಗೆ ನೋಯಿಸಿಕೊಳ್ಳದೆ ಅಕಾಡೆಮಿ ಅನ್ನುತ್ತಿದ್ದೆವು. ಹದಿನಾಲ್ಕು ವರ್ಷದ ಮಗು ಮುಂದೆ ತಾನೇನಾಗಬೇಕು ಅಂತ ಈಗಲೇ ಆರಿಸಿಕೊಂಡು ಒಂದು ಹೋಳಿಗೆ ಸೇರಬೇಕು. ನಾಲ್ಕು ವರ್ಷ ಅದೇ ಮೇಷ್ಟ್ರುಗಳು, ಅದೇ ಗೆಳೆಯರು, ಅದೇ ಬಣ್ಣದ ಟೀ ಶರ್ಟು.

ಹದಿನಾಲ್ಕಕ್ಕೆ ನನ್ನನ್ನು ಯಾರಾದರೂ ಕೇಳಿದ್ದರೆ ಬಸ್ ಕಂಡಕ್ಟರ್ ಆಗುತ್ತೇನೆ ಅನ್ನುತ್ತಿದ್ದೆ. ಸೀಟಿ ಊದುವ ಆಸೆ. ಆದದ್ದೇನು? ಬರ್ಬ್ಯಾಂಕಿನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಲೈಟು, ಕುರ್ಚಿಗಳ ಬಾಡಿಗೆ ಬಿಲ್ಲು ನೋಡುವ ಗುಮಾಸ್ತೆ. ಸ್ಟುಡಿಯೋದಲ್ಲಿ ಕೆಲಸ ಅಂದದ್ದಕ್ಕೆ ಊರಿನಲ್ಲಿ ನಮ್ಮ ಚಿಕ್ಕಮ್ಮ, "ಸಿನಿಮಾದವಳಾದ್ಲಂತೆ" ಅಂತ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಸ್ಕೂಲು ಶುರುವಾಗುವ ಮೊದಲು ಒಂದು ಸಂಜೆ ತಂದೆತಾಯಿಗಳನ್ನೆಲ್ಲ ಸ್ಕೂಲಿನ ಆಟದ ಹಾಲಿಗೆ, ಅಂದರೆ ಜಿಮ್‌ಗೆ ಕರೆದರು. ಪ್ರಿನ್ಸಿಪಾಲ್ ಮೈಕ್ ಹಿಡಿದು, "ಇನ್ನು ಮುಂದೆ ಈ ಸ್ಕೂಲಿನಲ್ಲಿ ಗುರುತಿಲ್ಲದ ಮಗು ಅಂತ ಒಂದೂ ಇರುವುದಿಲ್ಲ" ಅಂತ ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಮೆಟ್ಟಿಲಿಳಿದು ಬಂದು ಮುಂದಿನ ಸಾಲಿನಲ್ಲಿದ್ದ ನನ್ನ ಮಗಳ ಕೈ ಕುಲುಕಿ ಬೇರೆ ಯಾವುದೋ ಹುಡುಗಿಯ ಹೆಸರು ಹಿಡಿದು ಕರೆದರು. ಮಗಳು ತಿದ್ದಲಿಲ್ಲ. ಅವಳು ಆಗ ಹಾಗೇ ಇದ್ದಳು. ಮಿಡ್ಲ್ ಸ್ಕೂಲಿನ ಮೂರು ವರ್ಷ ಅವಳ ಬಾಯಿಂದ ಹೊರಟ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುತ್ತಿರಲಿಲ್ಲ. ಮನೆಗೆ ಬಂದರೆ ರೂಮು, ರೂಮಿಗೆ ಬಾಗಿಲು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಅದೂ ಒಂದೇ ಪದದ್ದು.

ಈ ಹೋಳುಗಳ ವೈಭವ ಏನು ಕೇಳುತ್ತೀರಿ! ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಹೊಸ ಬೋರ್ಡು. ಒಳಗೆ ಆಲ್ಜಿಬ್ರಾ ಮಾತ್ರ ಅದೇ. ಇಂಜಿನಿಯರಿಂಗ್ ಹೋಳಿನಲ್ಲಿ ಎಕ್ಸ್ ಅಂದರೆ ಸೇತುವೆಯ ಉದ್ದವಂತೆ, ಆರೋಗ್ಯದ ಹೋಳಿನಲ್ಲಿ ಎಕ್ಸ್ ಅಂದರೆ ಕೆಮ್ಮಿನ ಔಷಧಿಯಂತೆ. ಲೆಕ್ಕ ಹೇಳಿಕೊಡುವವರು ಎರಡು ಕಡೆಗೂ ಒಬ್ಬರೇ, ಮೊದಲು ಇದ್ದವರೇ. ಹಳೇ ಗಂಡನ ಪಾದವೇ ಗತಿ. ಮುಂದೆ ಕೆಲವು ವರ್ಷಕ್ಕೆ ಗ್ರಾಂಟ್ ಮುಗಿದು, ಪ್ರಿನ್ಸಿಪಾಲ್ ಬದಲಾಗಿ, ಆ ಬೋರ್ಡುಗಳನ್ನೆಲ್ಲ ಕೆರೆದು ತೆಗೆದರು ಅಂತಲೂ ಕೇಳಿದೆ. ಆದರೆ ಅವತ್ತು ಜಿಮ್ಮಿನಲ್ಲಿದ್ದವರ ಉತ್ಸಾಹ ನೋಡಿದ್ದರೆ ಸಾಕ್ಷಾತ್ ಬ್ರಹ್ಮನೇ ಬಂದು ಹಣೆಬರಹ ಹಂಚುತ್ತಿದ್ದಾನೆ ಅನ್ನಬೇಕು.

ನಾಲ್ಕು ಟೇಬಲ್ಲು ಹಾಕಿದ್ದರು. ಒಂದೊಂದರ ಮೇಲೂ ಆನೆ ಗಾತ್ರದ ಅಕ್ಷರ: ಎ, ಬಿ, ಸಿ, ಡಿ. ಯಾವ ಕಸುಬು ಅನ್ನುವುದು ಅದರ ಕೆಳಗೆ ಇರುವೆ ಗಾತ್ರದಲ್ಲಿತ್ತು, ಅದಕ್ಕೂ ಬಲೂನು ಅಡ್ಡ. ನಾನು ಓದಲು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ನಮ್ಮವರು ನನ್ನ ರಟ್ಟೆ ಹಿಡಿದರು.

"ಎ ಇದೆ ಕಣೇ! ಬೇಗ ಬಾ, ತುಂಬಿಹೋಗತ್ತೆ."

"ಏನು ಕೋರ್ಸು ಅಂತ ನೋಡಿದ್ರಾ?"

"ಎ ಸೆಕ್ಷನ್ ಅಂದಮೇಲೆ ನೋಡೋದೇನಿದೆ? ನೋಡು ಅಲ್ಲಿ, ಡಾಕ್ಟರ್ ಅಂಕಲ್ಲೇ ನಿಂತಿದ್ದಾರೆ."

ಹೌದು, ನಿಂತಿದ್ದರು. ನಮ್ಮ ಕನ್ನಡದವರಲ್ಲೆಲ್ಲ ಹಿರಿಯರಾದ ಹೃದಯದ ಡಾಕ್ಟರು ಮೊಮ್ಮಗನ ಜೊತೆ ಎ ಟೇಬಲ್ಲಿನ ಮುಂದೆ ಗಂಭೀರವಾಗಿ ನಿಂತಿದ್ದರು. ಅವರ ಹಿಂದೆ ಒಬ್ಬ ಇಂಜಿನಿಯರು, ಇಂಜಿನಿಯರ ಹಿಂದೆ ಒಬ್ಬ ಪ್ರೊಫೆಸರು, ಹೀಗೆ ನಮ್ಮ ಗುಂಪಿನ ಮನೆಗಳೆಲ್ಲ ಸಾಲಾಗಿ ಹಾಜರ್. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಉಳಿದವು ದಾರಿ ಕೇಳುತ್ತವೆಯೇ? ನಾವೂ ಬಿದ್ದೆವು. ಟೇಬಲ್ಲಿನ ಹಿಂದೆ ಕೂತಿದ್ದ ಟೀಚರಮ್ಮನ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಏಷ್ಯಾದ ತಂದೆತಾಯಿಗಳು ಇಷ್ಟೊಂದು ಜನ ತನ್ನ ಟೇಬಲ್ಲಿಗೆ ಬರುತ್ತಾರೆ ಅಂತ ಆಕೆ ಕನಸಿನಲ್ಲೂ ಎಣಿಸಿರಲಿಲ್ಲವಂತೆ. ಡಾಕ್ಟರ್ ಅಂಕಲ್ಲನ್ನು ತಬ್ಬಿಕೊಂಡೇ ಬಿಟ್ಟರು. ಮಗಳನ್ನು, "ಎ ತಾನೆ?" ಅಂತ ಅಪ್ಪ ಕೇಳಿದರು. "ವಾಟೆವರ್" ಅಂದಳು. ಅದನ್ನೇ ಒಪ್ಪಿಗೆ ಅಂತ ಇಟ್ಟುಕೊಂಡೆವು.

ಮೊದಲ ವಾರ ಮಗಳು ಮಡಿಚಿದ ಬಿಳಿ ಕೋಟೊಂದನ್ನು ಮನೆಗೆ ತಂದಳು. ಎರಡು ಸಾಲು ಗುಂಡಿ, ಕತ್ತಿನವರೆಗೂ ಕಾಲರು. ನಮ್ಮವರ ಮುಖ ಊರಗಲ ಆಯಿತು.

"ಲ್ಯಾಬ್ ಕೋಟು! ನೋಡಿದ್ಯಾ? ಮೊದಲನೇ ವಾರಕ್ಕೇ ಲ್ಯಾಬ್ ಕೋಟು! ಹಾಕ್ಕೋ ಪುಟ್ಟಿ, ಹಾಕ್ಕೋ."

ಹಾಕಿಸಿ, ಫೋಟೋ ತೆಗೆದು, ಭಾವನಿಗೆ ಕಳಿಸಿದರು. ಭಾವ ಇದ್ದದ್ದು ಸ್ಯಾನ್ ಡಿಯಾಗೋ ಪಕ್ಕದ ಕಾರ್ಲ್ಸ್‌ಬಾಡ್‌ನಲ್ಲಿ. ಬಯೋಟೆಕ್ ಕಂಪನಿಯೊಂದರಲ್ಲಿ ದೊಡ್ಡ ವಿಜ್ಞಾನಿಯಾಗಿದ್ದು ಆಗಷ್ಟೇ ರಿಟೈರ್ ಆಗಿದ್ದರು. ಕಂಪನಿ ಬಿಟ್ಟಿದ್ದರೂ ಅಪ್ಪಣೆ ಕೊಡುವ ಚಟ ಬಿಟ್ಟಿರಲಿಲ್ಲ. ನಮ್ಮ ಕಾರಿನ ಬಣ್ಣದಿಂದ ಹಿಡಿದು ಹುಳಿಯ ಉಪ್ಪಿನವರೆಗೆ ಎಲ್ಲಕ್ಕೂ ಕಾರ್ಲ್ಸ್‌ಬಾಡಿನ ಮೊಹರು ಬೀಳಬೇಕು. ತಕ್ಷಣ ಫೋನ್ ಬಂತು. "ಡಾಕ್ಟರೇ ಆಗ್ತಾಳೆ, ಬರೆದಿಟ್ಕೊ. ಎ ಸೆಕ್ಷನ್ ಅಂದ್ರೆ ಸುಮ್ನೆ ಅಲ್ಲ."

ಅದೇ ಹೊತ್ತಿಗೆ ಮಗಳು ಬ್ಯಾಗಿನಿಂದ ಇನ್ನೊಂದು ವಸ್ತು ತೆಗೆದು ತಲೆಗಿಟ್ಟುಕೊಂಡಳು. ಒಂದು ಮೊಳ ಎತ್ತರದ ಬಿಳಿ ಟೋಪಿ. ಅಡುಗೆಭಟ್ಟರ ಟೋಪಿ.

ಫೋನು ಕಿವಿಗಿಟ್ಟುಕೊಂಡೇ ನಮ್ಮವರು ಸೋಫಾದಲ್ಲಿ ಕೂತರು. ಎ ಅಂದರೆ ಬರೀ ಕಟ್ಟಡದ ಅಕ್ಷರವಂತೆ. ಸ್ಕೂಲಿನ ಹಳೇ ಕ್ಯಾಂಟೀನು ಎ ಕಟ್ಟಡದಲ್ಲಿತ್ತು, ಒಲೆಗಳೆಲ್ಲ ಅಲ್ಲೇ ಇದ್ದವು, ಅದಕ್ಕೇ ಹೋಟೆಲು, ಅಡುಗೆ, ಅತಿಥಿ ಸತ್ಕಾರದ ಹೋಳನ್ನು ಅಲ್ಲಿಗೆ ಹಾಕಿದ್ದರು. ಇಂಜಿನಿಯರಿಂಗು ಇದ್ದದ್ದು ಡಿಯಲ್ಲಿ, ಆರೋಗ್ಯ ಸಿಯಲ್ಲಿ. ನಮ್ಮ ಎ ಸೆಕ್ಷನ್ ಪುರುಷೋತ್ತಮರೆಲ್ಲ ಸೇರಿ ಡಿ ಕಡೆ ತಲೆ ತಿರುಗಿಸಿಯೂ ನೋಡಿರಲಿಲ್ಲ. ನಾನು ಅಡುಗೆಮನೆಗೆ ಓಡಿ, ಬಾಯಿಗೆ ಸೆರಗಿಲ್ಲದ್ದಕ್ಕೆ ಟವೆಲ್ ತುರುಕಿಕೊಂಡು ನಕ್ಕೆ.

ಅವತ್ತಿನಿಂದ ಚಾಟ್ಸ್‌ವರ್ತ್‌ನ ಕನ್ನಡದ ಮನೆಗಳಲ್ಲಿ ಫೋನು ಕೆಳಗಿಡುವವರೇ ಇಲ್ಲ. "ಡಾಕ್ಟರ್ ಅಂಕಲ್ಲೇ, ನೀವು ನಿಂತಿದ್ರಲ್ಲಾ ಅಂತ ನಾವು ನಿಂತ್ವಿ" ಅಂದರೆ ಅವರು, "ಅಯ್ಯೋ, ನಾನು ಏಸಿ ಗಾಳಿ ಬರತ್ತೆ ಅಂತ ಅಲ್ಲಿ ನಿಂತಿದ್ದೆ ಕಣಪ್ಪ" ಅಂದರಂತೆ. ಎಲ್ಲರೂ ಸ್ಕೂಲಿಗೆ ದಂಡೆತ್ತಿ ಹೋದರು. ಸ್ಕೂಲಿನವರು ಜಪ್ಪಯ್ಯ ಅನ್ನಲಿಲ್ಲ. ಕಮ್ಯುನಿಟಿ ಅಂದಮೇಲೆ ಒಂದು ವರ್ಷ ಕೂಡಿ ಬಾಳಲೇಬೇಕಂತೆ. ವರ್ಷದ ಕೊನೆಗೆ ಅಪ್ಪ, ಅಮ್ಮ, ಮಗು ಮೂವರೂ ಬಂದು ಮಕ್ಕಳಿಗೆ ದಾರಿ ತೋರಿಸುವ ಸ್ಕೂಲಿನ ಕೌನ್ಸಿಲರ್ ಎದುರು ಕೂತು ಮಾತಾಡಿ, ಒಂದೇ ಒಂದು ಸಲ ಹೋಳು ಬದಲಾಯಿಸಬಹುದು. ಆಮೇಲೆ ಹನ್ನೆರಡನೇ ಕ್ಲಾಸಿನವರೆಗೂ ಅದೇ.

"ಬರಲಿ ಜೂನ್. ಕಿತ್ತು ಡಿಗೆ ಹಾಕ್ತೀನಿ" ಅಂತ ನಮ್ಮವರು ಶಪಥ ಮಾಡಿದರು.

ಆದರೆ ನೋಡಿ, ಜೂನ್ ಬರುವಷ್ಟರಲ್ಲಿ ಹುಡುಗಿ ಬದಲಾಗಿಬಿಟ್ಟಿದ್ದಳು. ಮೊದಲು ಕೂದಲಿನಲ್ಲಿ ಈರುಳ್ಳಿ ವಾಸನೆ ಬಂತು, ಆಮೇಲೆ ಬಾಯಲ್ಲಿ ಮಾತು ಬಂತು. ಬಾಗಿಲು ತೆರೆದು ಅಡುಗೆಮನೆಗೆ ಬಂದಳು. ಬಂದವಳು ಸುಮ್ಮನಿದ್ದಾಳೆಯೇ? ನಾನು ಚಾಕು ಹಿಡಿಯುವುದು ತಪ್ಪು, ಸೌಟು ಇಡುವ ಜಾಗ ತಪ್ಪು, ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಇಳಿಸುವುದಂತೂ ಮಹಾಪರಾಧ. ಇಪ್ಪತ್ತು ವರ್ಷ ಅಡುಗೆ ಮಾಡಿದವಳಿಗೆ ಬೀನ್ಸ್ ಹೆಚ್ಚುವ ಪಾಠ! ಬೈದೆ. ಬೈಯುತ್ತಲೇ ಬೆರಳು ಮಡಿಚಿ ಅವಳು ಹೇಳಿದ ಹಾಗೆ ಹೆಚ್ಚಿದೆ, ಬೇಗ ಆಯಿತು, ಮತ್ತೂ ಸಿಟ್ಟು ಬಂತು.

ನಮ್ಮ ಮನೆಯ ಇಂಗ್ಲಿಷಿನಲ್ಲಿ ಕನ್ನಡದ ಪದಗಳು ಉಳಿದಿದ್ದದ್ದೇ ನಾಲ್ಕಾರು. ಮೊಸರನ್ನ, ಹುಳಿ, ಥೂ, ಎಂಜಲು. "ಡೋಂಟ್ ಡ್ರಿಂಕ್ ದಟ್, ಇಟ್ಸ್ ಎಂಜಲು" ಅನ್ನುತ್ತಿದ್ದಳು ಮಗಳು ಮೂರು ವರ್ಷದವಳಿದ್ದಾಗಿನಿಂದ. ಇಂಗ್ಲಿಷಿನಲ್ಲಿ ಅದಕ್ಕೆ ಮಾತೆಲ್ಲಿದೆ? ಉಗುಳು ಅಂದರೆ ಬೇರೆ, ಉಳಿದದ್ದು ಅಂದರೆ ಬೇರೆ. ಎ ಹೋಳಿನ ಅಡುಗೆ ಟೀಚರು, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ದೊಡ್ಡ ಹೆಂಗಸು, ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬಾರದು ಅಂತ ಮಕ್ಕಳಿಗೆ ಬಡಿದುಕೊಳ್ಳುತ್ತಿದ್ದರಂತೆ. ಅಷ್ಟುದ್ದ ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಚಮಚ ಪಾತ್ರೆಯೊಳಗೆ. ಒಂದು ದಿನ ಪಕ್ಕದ ಹುಡುಗ ಅದ್ದಲು ಹೋದಾಗ ನಮ್ಮವಳು ಕಿಟಾರನೆ ಕಿರುಚಿದಳು, "ಎಂಜಲು!" ಟೀಚರು ಅರ್ಥ ಕೇಳಿದರು, ಮೆಚ್ಚಿದರು, ಬೋರ್ಡಿನ ಮೇಲೆ ಬರೆದರು. ತಂದೆತಾಯಿಗಳ ದಿನ ನಾನು ಹೋದಾಗ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ನಮ್ಮಜ್ಜಿ ಮಡಿಯುಟ್ಟು ಕೂಗುತ್ತಿದ್ದ ಮಾತನ್ನು ಮೆಕ್ಸಿಕೋದವರ ಮಕ್ಕಳು, ಅರ್ಮೇನಿಯಾದವರ ಮಕ್ಕಳು, ಫಿಲಿಪೀನ್ಸಿನವರ ಮಕ್ಕಳು, "ಎಂಜಾಲೂ! ಎಂಜಾಲೂ!" ಅಂತ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಆ ಗದ್ದಲದ ನಡುವೆ ನನ್ನ ಮಗಳನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು, ಅದೂ ಸರಿಯಾಗಿ.

ಅಲ್ಲಿ ಕಲಿತದ್ದನ್ನೆಲ್ಲ ಮನೆಗೆ ತಂದು ಹಾಕುತ್ತಿದ್ದಳು. ಹೋಟೆಲಿನಲ್ಲಿ ಎರಡು ಭಾಗವಂತೆ. ಬಡಿಸುವ ಕಡೆಗೆ 'ಫ್ರಂಟ್ ಆಫ್ ಹೌಸ್', ಬೇಯಿಸಿ ತೊಳೆಯುವ ಕಡೆಗೆ 'ಬ್ಯಾಕ್ ಆಫ್ ಹೌಸ್'. "ನಮ್ಮಲ್ಲೂ ಇದೆ ಕಣೆ, ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ" ಅಂದೆ. ಅವಳು ಯೋಚಿಸಿ, ಅಮ್ಮ ಎರಡೂ ಕಡೆ ಇದ್ದಾಳೆ, ಅದು ನಿಯಮಕ್ಕೆ ವಿರುದ್ಧ, ಅಂದಳು ಇಂಗ್ಲಿಷಿನಲ್ಲಿ.

"ಮತ್ತೆ ನಿಮ್ಮಪ್ಪ ಯಾವ ಕಡೆ?"

"ಅಪ್ಪ? ಅಪ್ಪ ಈಸ್ ದ ಗೆಸ್ಟ್."

ನಾನು ನಕ್ಕುಬಿಟ್ಟೆ. ನಗುವಂಥದ್ದೇನಿತ್ತು ಅಂತ ಆಮೇಲೆ ಅನ್ನಿಸಿತು. ನಮ್ಮವರು ಊಟವಾದ ಮೇಲೆ ತಟ್ಟೆಯಲ್ಲೇ ಬೆರಳು ತೊಳೆದು, ಎದ್ದು, ಟಿವಿ ಮುಂದೆ ಹೋಗುವವರು. ತಟ್ಟೆ ಅಲ್ಲೇ. ಅವರಪ್ಪನದೂ ಹಾಗೇ, ಅವರಣ್ಣನದೂ ಹಾಗೇ. ಡಿಶ್‌ವಾಷರ್ ಇತ್ತು, ಇಲ್ಲವೆನ್ನುವುದಿಲ್ಲ. ಅದರೊಳಗೆ ಹಪ್ಪಳದ ಡಬ್ಬ ಜೋಡಿಸಿಟ್ಟಿದ್ದೆ.

ಆ ಚಳಿಗಾಲ ನಮ್ಮವರ ಕೆಲಸ ಹೋಯಿತು. ವಿಮಾನದ ಯಾವುದೋ ವಾಲ್ವ್ ಮಾಡುವ ಕಂಪನಿ, ಚಾಟ್ಸ್‌ವರ್ತ್‌ನಲ್ಲೇ. ಆಗ ಎಲ್ಲ ಕಡೆಯೂ ಅದೇ ಗಾಳಿ. ಒಂದು ಮಂಗಳವಾರ ಮಧ್ಯಾಹ್ನ ಕಾಫಿ ಲೋಟ, ಒಂದು ಗಣಪತಿ ಫೋಟೋ, ಒಣಗಿದ ಮನಿಪ್ಲಾಂಟ್ ತುಂಬಿದ ರಟ್ಟಿನ ಡಬ್ಬ ಹಿಡಿದು ಬಾಗಿಲಲ್ಲಿ ನಿಂತರು. ಹತ್ತು ವರ್ಷ ಎ ಸೆಕ್ಷನ್, ಆಮೇಲೆ ರ‍್ಯಾಂಕು, ಆಮೇಲೆ ಇಷ್ಟು ವರ್ಷದ ದುಡಿತ, ಎಲ್ಲ ಸೇರಿ ಒಂದು ಡಬ್ಬದಲ್ಲಿ ಹಿಡಿಸಿತ್ತು. ಅವರ ಮುಖ ನೋಡಿ ನನಗೆ ಅಳು ಬಂತು, ಅತ್ತೆ. ಮೂರು ವಾರ ಏನೂ ಅನ್ನಲಿಲ್ಲ.

ನಾಲ್ಕನೇ ವಾರ ಅಂದೆ. ನಾನು ಬೆಳಗಾಗುವ ಮೊದಲೇ ಎದ್ದು ತಿಂಡಿ, ಅಡುಗೆ ಎರಡೂ ಮಾಡಿಟ್ಟು, ಫ್ರೀವೇಯಲ್ಲಿ ಬರ್ಬ್ಯಾಂಕಿನವರೆಗೆ ಡ್ರೈವ್ ಮಾಡಿ, ದಿನವೆಲ್ಲ ಬಿಲ್ಲು ನೋಡಿ ಸಂಜೆ ಮನೆಗೆ ಬಂದರೆ ಟೇಬಲ್ಲಿನ ಮೇಲೆ ಬೆಳಗಿನ ತಿಂಡಿಯ ತಟ್ಟೆ, ಅದರ ಪಕ್ಕ ಮಧ್ಯಾಹ್ನದ ಊಟದ ತಟ್ಟೆ. ಒಣಗಿದ ಮೊಸರನ್ನಕ್ಕಿಂತ ಗಟ್ಟಿಯಾದ ಸಿಮೆಂಟು ಈ ದೇಶದಲ್ಲಿ ಇನ್ನೂ ತಯಾರಾಗಿಲ್ಲ. "ರೀ, ಮನೇಲೇ ಇರ್ತೀರಲ್ಲ, ಇದನ್ನಾದ್ರೂ ಎತ್ತಿ ನೆನೆಹಾಕಬಾರದಾ?" ಅಂದೆ. "ಅಪ್ಲೈ ಮಾಡ್ತಾ ಕೂತಿದ್ದೆ ಕಣೇ, ಮರೆತುಹೋಯ್ತು" ಅಂದರು. ಪಾಪ, ಅಪ್ಲೈ ಮಾಡುತ್ತಿದ್ದದ್ದು ನಿಜ. ಮರೆತದ್ದು ಮಾತ್ರ ಸುಳ್ಳು. ನೆನಪಿದ್ದರಲ್ಲವೇ ಮರೆಯುವುದು?

ಕೆಲಸ ಹೋದ ಮೇಲೆ ಮಗಳನ್ನು ಇಂಜಿನಿಯರ್ ಮಾಡುವ ಅವರ ಹುಚ್ಚು ಇನ್ನೂ ಕೆರಳಿತು. "ಇಂಜಿನಿಯರಿಂಗ್ ಒಂದೇ ಸೇಫು" ಅನ್ನುತ್ತಿದ್ದರು, ಮಧ್ಯಾಹ್ನ ಮೂರು ಗಂಟೆಗೆ, ಪೈಜಾಮದಲ್ಲಿ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಆದರೆ ಅವರ ಭಯ ನನಗೆ ಅರ್ಥವಾಗುತ್ತಿತ್ತು. ತಾವು ಬಿದ್ದಿದ್ದರು, ಮಗಳು ಬೀಳಬಾರದು. ಹಿಡಿದುಕೊಳ್ಳಲು ಅವರಿಗೆ ಗೊತ್ತಿದ್ದದ್ದು ಅದೊಂದೇ ಕಂಬ, ಅದು ಮುರಿದಿದ್ದರೂ ಸರಿ. ಮಗಳು ಮಾತ್ರ, "ಐ ಆಮ್ ನಾಟ್ ಮೂವಿಂಗ್" ಅನ್ನುತ್ತಿದ್ದಳು. ಅವಳ ಜೊತೆ ಬಿದ್ದಿದ್ದ ನಮ್ಮ ಕನ್ನಡದ ಮಕ್ಕಳೆಲ್ಲ ಆಗಲೇ ಡಿಗೂ ಸಿಗೂ ಹೊರಡಲು ಗಂಟುಮೂಟೆ ಕಟ್ಟಿದ್ದರು. ಡಾಕ್ಟರ್ ಅಂಕಲ್ಲಿನ ಮೊಮ್ಮಗನಂತೂ ಇವಳಿಗೆ ತನ್ನ ಟೋಪಿ ಕೊಟ್ಟೇ ಬಿಟ್ಟಿದ್ದ.

ಏಪ್ರಿಲ್‌ನಲ್ಲಿ ಎ ಹೋಳಿನ ಮಕ್ಕಳನ್ನು ಬಸ್ಸಿನಲ್ಲಿ ಸ್ಯಾನ್ ಡಿಯಾಗೋದ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದರು. ಕೆಲಸ ನೋಡಿ ಕಲಿಯುವ ದಿನ. ಅಲ್ಲಿ ಯಾವುದೋ ಬಯೋಟೆಕ್ ಸಭೆಯ ಮಧ್ಯಾಹ್ನದ ಊಟ. ಮಕ್ಕಳು ನೀರು ಕೊಟ್ಟು ತಟ್ಟೆ ತೆಗೆಯಬೇಕು. ಕಪ್ಪು ಪ್ಯಾಂಟು, ಬಿಳಿ ಶರ್ಟು ಹಾಕಿಕೊಂಡು ನಮ್ಮವಳು ಒಂದು ಟೇಬಲ್ಲಿಗೆ ಹೋಗಿ ನೋಡಿದರೆ ಅಲ್ಲಿ ಕೂತವರು ಯಾರು? ಕಾರ್ಲ್ಸ್‌ಬಾಡಿನ ದೊಡ್ಡಪ್ಪ! ಹಳೇ ಸಹೋದ್ಯೋಗಿಗಳ ನಡುವೆ ಸೂಟು ಹಾಕಿ ಕೂತಿದ್ದಾರೆ. ಕೆಲಸದ ಹೊತ್ತಿನಲ್ಲಿ ನೆಂಟಸ್ತನ ತೋರಿಸಬಾರದು ಅಂತ ಟೀಚರು ಹೇಳಿದ್ದರಂತೆ. ಇವಳು ಅಕ್ಷರಶಃ ಪಾಲಿಸಿದಳು. ಅವರ ಪಕ್ಕ ಬಗ್ಗಿ ನಿಂತು, "ಸ್ಟಿಲ್ ವರ್ಕಿಂಗ್ ಆನ್ ದಟ್, ಸರ್?" ಅಂದಳು.

ಇಲ್ಲಿನ ಹೋಟೆಲುಗಳಲ್ಲಿ ಹಾಗಂದರೆ, ತಿಂದು ಆಯಿತಾ, ತಟ್ಟೆ ತೆಗೀಲಾ, ಅಂತ ಅರ್ಥ. ಗಾಬರಿಯಲ್ಲಿದ್ದ ಭಾವನಿಗೆ ಕೇಳಿಸಿದ್ದು ಮೊದಲಿನ ಎರಡೇ ಪದ. ಸಹೋದ್ಯೋಗಿಗಳೆಲ್ಲರ ಎದುರಿಗೆ, "ನೋ, ನೋ, ಐ ರಿಟೈರ್ಡ್" ಅಂದರು. ಟೇಬಲ್ಲೆಲ್ಲ ನಕ್ಕಿತು. ಇವಳು ತಟ್ಟೆ ಎತ್ತಿಕೊಂಡು ಹೊರಟಳು.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಫೋನು ಬಂದಾಗಿತ್ತು. ನಮ್ಮವರು ಸ್ಪೀಕರಿನಲ್ಲಿ ಇಟ್ಟುಕೊಂಡು ಕೇಳುತ್ತಿದ್ದರು. "ನನ್ನ ಎಂಜಲು ತಟ್ಟೆ ಎತ್ತಿದಳಯ್ಯಾ ನಿನ್ನ ಮಗಳು! ನನ್ನ ಕಣ್ಣೆದುರಿಗೇ! ನಮ್ಮ ವಂಶದಲ್ಲಿ ಯಾರಾದರೂ ಕಂಡೋರ ಎಂಜಲು ಎತ್ತಿದ್ದುಂಟಾ?" ಅಂತ ಭಾವ ಕೂಗಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅಲ್ಲ ಭಾವ, ನೀವು ಕಂಡೋರಲ್ಲವಲ್ಲ, ಸ್ವಂತ ದೊಡ್ಡಪ್ಪ ತಾನೆ" ಅಂದೆ. ನಮ್ಮವರು ನನ್ನನ್ನು ಕೆಕ್ಕರ ಕಣ್ಣಿನಿಂದ ನೋಡಿದರು. ಟೇಬಲ್ಲಿನ ಮೇಲೆ ಅವರ ಮಧ್ಯಾಹ್ನದ ತಟ್ಟೆ ಒಣಗುತ್ತಿತ್ತು, ಮಾತಾಡುತ್ತಲೇ ನಾನು ಅದನ್ನು ಎತ್ತಿ ಸಿಂಕಿಗೆ ಹಾಕಿದೆ. ಮಗಳು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

ಜೂನ್ ಬಂತು. ಕೌನ್ಸಿಲರ್ ರೂಮಿನಲ್ಲಿ ನಾವು ಮೂವರು, ಎದುರಿಗೆ ಆಕೆ. ಗೋಡೆಯ ಮೇಲೆ ನಾಲ್ಕು ಹೋಳುಗಳ ನಾಲ್ಕು ಬಣ್ಣದ ಬಾವುಟ. ನಮ್ಮವರು ಇಂಟರ್‌ವ್ಯೂಗೆ ಇಟ್ಟುಕೊಂಡಿದ್ದ ಟೈ ಕಟ್ಟಿಕೊಂಡು ಬಂದಿದ್ದರು. ಆಕೆ ಮೊದಲು ಮಗಳನ್ನೇ ಕೇಳಿದರು, ಯಾಕೆ ಇಲ್ಲೇ ಇರಬೇಕು ಅಂತ. ಮಗಳು ಬೆರಳು ನೋಡಿಕೊಳ್ಳುತ್ತ, ಇಲ್ಲಿ ಎಲ್ಲರಿಗೂ ನಾನು ಗೊತ್ತು, ಅಂದಳು ಇಂಗ್ಲಿಷಿನಲ್ಲಿ. ಇಲ್ಲಿ ನಾನು ಒಂದು ದಿನ ಬರದಿದ್ದರೆ ಯಾರಾದರೂ ಕೇಳುತ್ತಾರೆ, ಅಂದಳು. ಅವತ್ತು ಜಿಮ್ಮಿನಲ್ಲಿ ಮೈಕ್ ಹಿಡಿದು ಪ್ರಿನ್ಸಿಪಾಲ್ ಹೇಳಿದ ಬಡಾಯಿ ನನ್ನ ಮಗಳೊಬ್ಬಳ ಪಾಲಿಗೆ ನಿಜವಾಗಿಹೋಗಿತ್ತಲ್ಲ ಅಂತ ನನಗೆ ಆಶ್ಚರ್ಯವಾಯಿತು.

ನಮ್ಮವರು ಇಂಗ್ಲಿಷಿನಲ್ಲೇ ಶುರುಮಾಡಿದರು. ಭವಿಷ್ಯ, ಸ್ಕಿಲ್ಲು, ಸೆಕ್ಯುರಿಟಿ, ಎಲ್ಲ ಬಂತು. ಕೌನ್ಸಿಲರ್ ತಲೆಯಾಡಿಸುತ್ತ, ನಿಮ್ಮ ಮಗಳಿಗೆ ಅತಿಥಿ ಸತ್ಕಾರ ಹುಟ್ಟುಗುಣ, ಸ್ಯಾನ್ ಡಿಯಾಗೋ ಹೋಟೆಲಿನವರು ತುಂಬ ಹೊಗಳಿದರು, ಅಂದರು. ಸ್ಯಾನ್ ಡಿಯಾಗೋ ಅಂದದ್ದೇ ತಡ, ಇಂಗ್ಲಿಷು ಹಾರಿಹೋಯಿತು. ಮಗಳ ಕಡೆ ತಿರುಗಿ ಕನ್ನಡದಲ್ಲಿ ಗುಡುಗಿದರು.

"ಎಂಜಲು ತಟ್ಟೆ ಎತ್ತೋದಕ್ಕಾ ನಿನ್ನನ್ನ ಸಾಕಿದ್ದು? ನಮ್ಮನೆ ಮಗಳು ಕಂಡೋರ ಎಂಜಲು ಎತ್ತಬೇಕಾ?"

ಕೌನ್ಸಿಲರ್ ಮುಖ ಅರಳಿತು. "ಓ, ಎಂಜಾಲೂ! ಚಮಚದ ರೂಲು! ಇಡೀ ಎ ಬಿಲ್ಡಿಂಗಿಗೇ ಗೊತ್ತು" ಅಂದರು.

ಮಗಳು ತಲೆಯೆತ್ತಿದಳು. ಹುಟ್ಟಿದಾಗಿನಿಂದ ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ಒಂದೊಂದೇ ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಅಂದಳು.

"ಅಪ್ಪ, ನಿಮ್ಮ ಎಂಜಲು ತಟ್ಟೆ ದಿನಾ ಅಮ್ಮ ಎತ್ತುತ್ತೆ. ಅಮ್ಮ ಯಾರ ಮನೆ ಮಗಳು?"

ಎತ್ತುತ್ತಾಳೆ ಅನ್ನಬೇಕಿತ್ತು. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಮಾಡುವ ತಪ್ಪು ಅದು. ಮಳೆ ಬರುತ್ತೆ, ಬಸ್ ಹೋಗುತ್ತೆ, ಅಮ್ಮ ಎತ್ತುತ್ತೆ. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ. ಅವತ್ತು ತಿದ್ದುವುದಕ್ಕೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಮ್ಮವರ ಕೈ ಟೈ ಮೇಲೆ ಹೋಯಿತು.

ಕೌನ್ಸಿಲರ್ ಮೂವರ ಮುಖವನ್ನೂ ನೋಡಿ, ಕೊನೆಗೆ ನನ್ನನ್ನು ಕೇಳಿದರು, ಏನಂದಳು ಅಂತ.

"ಇಲ್ಲೇ ಇರ್ತಾಳಂತೆ" ಅಂತ ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮವರ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ. ನನ್ನ ತಪ್ಪು ಅನುವಾದವನ್ನು ಅವರು ತಿದ್ದಬಹುದಿತ್ತು. ತಿದ್ದಲಿಲ್ಲ. ಕೌನ್ಸಿಲರ್ ತಂದೆಯ ಕಡೆ ನೋಡಿದರು, ಅವರು ತಲೆಯಾಡಿಸಿದರು. ಮಗಳು ಎ ಹೋಳಿನಲ್ಲೇ ಉಳಿದಳು.

ಅವತ್ತು ರಾತ್ರಿ ಹುಳಿ, ಪಲ್ಯ, ಮೊಸರು. ಮಗಳು ಬೇಗ ಉಂಡು, ತನ್ನ ತಟ್ಟೆ ತೊಳೆದಿಟ್ಟು, ಕೌಂಟರಿಗೆ ಒರಗಿ ನಿಂತಳು. ನಮ್ಮವರು ಕೊನೆಯ ತುತ್ತು ಉಂಡರು. ಬೆರಳು ತೊಳೆಯಲು ಲೋಟ ಎತ್ತಿದವರು ಹಾಗೇ ಕೆಳಗಿಟ್ಟರು. ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು, ಎರಡು ಕೈಯಲ್ಲೂ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ಹೆಜ್ಜೆಯಿಡುತ್ತ ಸಿಂಕಿನವರೆಗೆ ಹೋಗಿ, ಒಳಗಿಟ್ಟು, ಬಂದು ಟಿವಿ ಮುಂದೆ ಕೂತರು.

ತೊಳೆಯಲಿಲ್ಲ.

ಮಗಳು ನನ್ನನ್ನು ನೋಡಿದಳು. ನನ್ನ ಕೈ ಅಭ್ಯಾಸಬಲದಿಂದ ನಲ್ಲಿಯ ಕಡೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ. ಅವತ್ತು ನಾನೂ ತೊಳೆಯಲಿಲ್ಲ.